ಊಟಕ್ಕೆ ಮುನ್ನ ಒಂದು ಹಿಡಿ ಬೀಜ

ಊಟದ ವಿಷಯದಲ್ಲಿ ನಾವು ಸಾಮಾನ್ಯವಾಗಿ ವಿಚಾರಿಸುವ ಪ್ರಶ್ನೆಗಳು ಎರಡು: ಏನನ್ನು ತಿನ್ನಬೇಕು, ಎಷ್ಟನ್ನು ತಿನ್ನಬೇಕು. ಯಾವುದನ್ನು ಮೊದಲು ತಿನ್ನಬೇಕು, ಯಾವುದನ್ನು ಆಮೇಲೆ ತಿನ್ನಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಬಡಿಸುವವರ ಮರ್ಜಿಗೆ ಬಿಟ್ಟು, ಎಲೆಯ ಮುಂದೆ ಕುಳಿತವರು ನಿಶ್ಚಿಂತರಾಗಿರುವುದೇ ರೂಢಿ. ಆದರೆ ಕಳೆದ ಕೆಲವು ದಶಕಗಳಲ್ಲಿ ಮಧುಮೇಹವನ್ನು ಕುರಿತು ನಡೆದಿರುವ ಸಂಶೋಧನೆಗಳನ್ನು ಪರಿಶೀಲಿಸಿದರೆ, ಉಪೇಕ್ಷಿತವಾದ ಈ ಮೂರನೆಯ ಪ್ರಶ್ನೆಗೂ ರಕ್ತದಲ್ಲಿ ಸಕ್ಕರೆ ಏರಿಳಿಯುವ ಪರಿಗೂ ನಿಕಟವಾದ ಸಂಬಂಧವುಂಟೆಂಬುದು, ಅದೇ ಅನ್ನ, ಅದೇ ಪಲ್ಯ, ಅದೇ ಪ್ರಮಾಣವಾಗಿದ್ದರೂ ಅವು ಹೊಟ್ಟೆಗೆ ಬೀಳುವ ಅನುಕ್ರಮ ಬದಲಾದ ಮಾತ್ರಕ್ಕೆ ಪರಿಣಾಮವೂ ಬದಲಾಗುತ್ತದೆಂಬುದು ವಿದಿತವಾಗುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೆಲವು ಬಾದಾಮಿಗಳನ್ನು ಅಗಿದು ತಿನ್ನಬೇಕೆಂದು ಈಚೆಗೆ ಎಲ್ಲೆಡೆಯೂ ಕೇಳಿಬರುತ್ತಿರುವ ಸಲಹೆ ಇದೇ ವಿಚಾರದ ಒಂದು ಕವಲು.

ಈ ಸಲಹೆ ಯಾರನ್ನು ಉದ್ದೇಶಿಸಿದ್ದು ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಚೆನ್ನೈನ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ದೇಶದಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ, ನಮ್ಮಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ 10 ಲಕ್ಷವಾದರೆ, ಆ ರೋಗದ ಹೊಸ್ತಿಲಲ್ಲಿ ನಿಂತಿರುವವರ ಸಂಖ್ಯೆ ಅದಕ್ಕಿಂತಲೂ ಅಧಿಕ, 13 ಕೋಟಿ 60 ಲಕ್ಷ. ಬೆಳಗಿನ ಬರಿಹೊಟ್ಟೆಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂವರೆಗೆ ಸಕ್ಕರೆ ಕಂಡುಬಂದರೆ, ಅಥವಾ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ 5.7ರಿಂದ 6.4ರ ನಡುವೆ ಬಂದರೆ ಅದನ್ನು ಪೂರ್ವಮಧುಮೇಹವೆಂದು ಅನೇಕ ವೈದ್ಯರು ಗಣಿಸುತ್ತಾರೆ. ಪ್ರಯೋಗಾಲಯದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತ ಜನರು ‘ಶುಗರ್ ಬಾರ್ಡರ್‌ನಲ್ಲಿದೆಯಂತೆ’ ಎಂದು ಹೇಳುವುದು ಈ ಸ್ಥಿತಿಯನ್ನೇ. ಔಷಧಿ ಇನ್ನೂ ಆರಂಭವಾಗಿರುವುದಿಲ್ಲ, ಭೀತಿ ಆರಂಭವಾಗಿರುತ್ತದೆ. ಮನೆಯಲ್ಲಿ ಕಾಫಿಗೆ ಸಕ್ಕರೆ ನಿಲ್ಲುತ್ತದೆ, ಅನ್ನದ ರಾಶಿ ಮಾತ್ರ ಯಥಾಪ್ರಕಾರ ಮುಂದುವರಿಯುತ್ತದೆ.

ಅನ್ನವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಅದರ ಗತಿಯನ್ನು ಅರಿಯದೆ ಮುಂದಿನ ಮಾತು ಅರ್ಥವಾಗದು. ಅದೇ ಸಮೀಕ್ಷೆಯ ಅಂಗವಾಗಿ ಆಹಾರವನ್ನು ಕುರಿತು ಸಂಗ್ರಹಿಸಿ 2025ರಲ್ಲಿ ಪ್ರಕಟಿಸಿದ ಮಾಹಿತಿಯಂತೆ, ಭಾರತೀಯರು ದಿನವೊಂದಕ್ಕೆ ಪಡೆಯುವ ಒಟ್ಟು ಶಕ್ತಿಯಲ್ಲಿ ಶೇಕಡಾ 62ರಷ್ಟು ಬರುವುದು ಅಕ್ಕಿ, ಗೋಧಿ, ಸಕ್ಕರೆ ಮೊದಲಾದವುಗಳಲ್ಲಿರುವ ಶರ್ಕರಪಿಷ್ಟಗಳಿಂದ. ಬಾಯಿಗಿಟ್ಟ ತುತ್ತು ಜೊಲ್ಲಿನೊಡನೆ ಬೆರೆತ ಕ್ಷಣದಿಂದಲೇ ಪಿಷ್ಟ ಒಡೆಯತೊಡಗಿ, ಜಠರವನ್ನು ದಾಟಿ ಸಣ್ಣ ಕರುಳನ್ನು ಸೇರುತ್ತಲೇ ಮೇದೋಜೀರಕ ಗ್ರಂಥಿಯ ರಸಗಳಿಗೆ ಸಿಕ್ಕಿ ಗ್ಲೂಕೋಸ್ ಆಗಿ ಪರಿವರ್ತಿತವಾಗಿ, ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಇಳಿಯುತ್ತದೆ. ಆರೋಗ್ಯವಂತನಲ್ಲಿ ಈ ಆಗಮನದ ಸುಳಿವು ಸಿಕ್ಕ ಕೂಡಲೇ ಮೇದೋಜೀರಕವು ಮೊದಲೇ ಸಿದ್ಧವಾಗಿಟ್ಟುಕೊಂಡಿದ್ದ ಇನ್ಸುಲಿನನ್ನು ಒಮ್ಮೆಲೇ ಹೊರಚೆಲ್ಲಿ ಗ್ಲೂಕೋಸನ್ನು ಯಕೃತ್ತಿಗೂ ಸ್ನಾಯುಗಳಿಗೂ ಸಾಗಿಸಿಬಿಡುವುದರಿಂದ, ಉಂಡ ಒಂದು ಗಂಟೆಯ ಹೊತ್ತಿಗೆ ಏರಿದ ಮಟ್ಟ ಎರಡು ಮೂರು ಗಂಟೆಗಳಲ್ಲಿ ಸ್ವಸ್ಥಾನಕ್ಕೆ ಮರಳುತ್ತದೆ. ಹೊಸ್ತಿಲಲ್ಲಿರುವವನಲ್ಲಿ ಮೊಟ್ಟಮೊದಲು ಕುಂದುವುದು ಒಮ್ಮೆಲೇ ಹೊರಚೆಲ್ಲುವ ಆ ಶಕ್ತಿಯೇ. ಇನ್ಸುಲಿನ್ ಇಲ್ಲವೆಂದಲ್ಲ, ಅದು ಬರುವುದು ತಡ, ಬಂದರೂ ದೇಹ ಅದರ ಮಾತನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳುವುದು ಇನ್ನೂ ತಡ. ಇತ್ತ ಅನ್ನದ ಗ್ಲೂಕೋಸ್ ಅವಸರದಲ್ಲಿ ಬಂದು ರಕ್ತದಲ್ಲಿ ನೆರೆಯುತ್ತದೆ. ಗ್ರಂಥಿಯನ್ನು ಅವಸರಪಡಿಸುವ ಮಾತ್ರೆಗಳು ಉಂಟು; ಅದಕ್ಕೆ ಬದಲಾಗಿ ಗ್ಲೂಕೋಸಿನ ಆಗಮನವನ್ನೇ ನಿಧಾನಗೊಳಿಸಿದರೆ, ಮಂದವಾದ ಗ್ರಂಥಿಗೆ ಸಾವರಿಸಿಕೊಳ್ಳಲು ಕಾಲಾವಕಾಶ ದೊರೆತಂತಾಗಲಿಲ್ಲವೆ? ಬೀಜಗಳನ್ನು ಕುರಿತ ಎಲ್ಲ ವಿಚಾರವೂ ನಿಂತಿರುವುದು ಈ ಒಂದು ತರ್ಕದ ಮೇಲೆ.

ಒಂದೊಂದು ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ವೇಗವಾಗಿ ಏರಿಸುತ್ತದೆಂಬುದನ್ನು ಅಳೆದು ಅಂಕಿಗಳಲ್ಲಿ ಹೇಳುವ ಪದ್ಧತಿಯನ್ನು 1981ರಲ್ಲಿ ಜಗತ್ತಿನ ಮುಂದಿಟ್ಟವರು ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಂಗಡಿಗರು. ಇನ್ಸುಲಿನ್ ಪ್ರಥಮತಃ ಬೇರ್ಪಡಿಸಲ್ಪಟ್ಟದ್ದೂ 1922ರ ಜನವರಿಯಲ್ಲಿ ಒಬ್ಬ ಬಾಲಕನಿಗೆ ಮೊದಲ ಬಾರಿಗೆ ಚುಚ್ಚಲ್ಪಟ್ಟದ್ದೂ ಅದೇ ನಗರದಲ್ಲಿಯೇ. ಜೆಂಕಿನ್ಸ್ ಅವರ ಬಳಗ ಮುಂದೆ ಬಾದಾಮಿಯನ್ನು ಬಿಳಿಯ ಬ್ರೆಡ್ಡಿನೊಡನೆ ಕೊಟ್ಟು ನೋಡಿ, ಬಾದಾಮಿಯ ಪ್ರಮಾಣ ಹೆಚ್ಚಿದಷ್ಟೂ ಬ್ರೆಡ್ಡಿನಿಂದ ಏರುವ ಸಕ್ಕರೆ ಕಡಮೆಯಾಗುತ್ತ ಹೋಗುವುದನ್ನು ಕಂಡುಕೊಂಡಿತು. 2011ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಮಾತ್ರೆ ಸೇವಿಸುತ್ತಿದ್ದ 117 ಮಂದಿ ಮಧುಮೇಹಿಗಳಲ್ಲಿ ಕೆಲವರಿಗೆ ಮೂರು ತಿಂಗಳ ಕಾಲ ದಿನಕ್ಕೆ ಸುಮಾರು 75 ಗ್ರಾಂ ಮಿಶ್ರ ಬೀಜಗಳನ್ನೂ ಕೆಲವರಿಗೆ ಅಷ್ಟೇ ಶಕ್ತಿಯ ಗೋಧಿಯ ಮಫಿನ್‌ಗಳನ್ನೂ ಕೊಟ್ಟಾಗ, ಬೀಜ ತಿಂದವರ ಎಚ್‌ಬಿಎ1ಸಿ ಅಂಕಿ 0.21ರಷ್ಟು ಇಳಿಯಿತು. ಈ ಇಳಿಕೆ ಅಲ್ಪವೆಂದು ಯಾರಾದರೂ ಹೇಳಿದರೆ ನಾನು ವಾದಿಸಲಾರೆ. ಮಾತ್ರೆಯ ಜೊತೆಗೆ ದೊರೆತ ಅಲ್ಪವದು, ಮಾತ್ರೆಯ ಬದಲಿಗೆ ದೊರೆತದ್ದಲ್ಲ.

‘ಊಟಕ್ಕೆ ಮುನ್ನ’ ಎಂಬ ವಿಶೇಷಣ ಈ ಕತೆಗೆ ಖಚಿತವಾಗಿ ಸೇರಿದ್ದು ದೆಹಲಿಯಲ್ಲಿ. ಅಲ್ಲಿಯ ಮಧುಮೇಹತಜ್ಞರಾದ ಅನೂಪ್ ಮಿಶ್ರಾ, ಸೀಮಾ ಗುಲಾಟಿ ಮತ್ತು ಅವರ ಸಹೋದ್ಯೋಗಿಗಳು 2023ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿ ಪಾಲ್ಗೊಂಡವರು ತಲಾ 60 ಮಂದಿ, ಎಲ್ಲರೂ ತೂಕ ಹೆಚ್ಚಿದ್ದವರು, ಪೂರ್ವಮಧುಮೇಹಿಗಳು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಈ ಮೂರಕ್ಕೂ ಅರ್ಧ ಗಂಟೆ ಮುಂಚಿತವಾಗಿ 20 ಗ್ರಾಂ ಬಾದಾಮಿಯನ್ನು ತಿನ್ನುವುದೇ ಅವರಿಗೆ ವಿಧಿಸಿದ್ದ ನಿಯಮ. ಅಕ್ಕಸಾಲಿಗರ ತಕ್ಕಡಿ ಬೇಕಾಗಿಲ್ಲ, ಒಂದೊಂದು ಬಾದಾಮಿ ಸುಮಾರು ಒಂದೂಕಾಲು ಗ್ರಾಂ ತೂಗುವುದರಿಂದ ಹದಿನಾರು ಹದಿನೇಳು ಬೀಜಗಳಾದರೆ 20 ಗ್ರಾಂ ಆಯಿತು. ಮೊದಲ ಅಧ್ಯಯನದಲ್ಲಿ ತೋಳಿಗೆ ಅಂಟಿಸಿದ ಸಂವೇದಕಗಳ ಮೂಲಕ ದಿನವಿಡೀ ಸಕ್ಕರೆಯ ಏರಿಳಿತವನ್ನು ಮೂರು ದಿನಗಳ ಕಾಲ ಗಮನಿಸಿದಾಗ, ಬಾದಾಮಿ ತಿಂದ ದಿನಗಳಲ್ಲಿ ಊಟದ ಅನಂತರದ ಏರಿಕೆ ಸ್ಫುಟವಾಗಿ ತಗ್ಗಿತ್ತು. ಮೂರು ತಿಂಗಳು ನಡೆದ ಎರಡನೆಯದರಲ್ಲಿ, ಬಾದಾಮಿಯ ಗುಂಪಿನವರಲ್ಲಿ ಶೇಕಡಾ 23.3ರಷ್ಟು ಮಂದಿಯ ಸಕ್ಕರೆ ಪೂರ್ವಮಧುಮೇಹದ ಗೆರೆಯಿಂದ ಹಿಂದೆ ಸರಿದು ಸ್ವಾಭಾವಿಕ ಮಟ್ಟಕ್ಕೆ ಬಂದಿತ್ತು. ತೂಕವೂ ಸೊಂಟದ ಸುತ್ತಳತೆಯೂ ಇಳಿದಿದ್ದವು.

ಪತ್ರಿಕೆಗಳ ಶೀರ್ಷಿಕೆಗಳು ಇಲ್ಲಿಗೆ ನಿಂತುಬಿಡುತ್ತವೆ. ನಾವು ಇನ್ನೆರಡು ಹೆಜ್ಜೆ ಮುಂದೆ ಹೋಗುವುದು ನ್ಯಾಯ. ಬಾದಾಮಿ ತಿಂದವರು, ತಿನ್ನದವರು, ಈ ಎರಡೂ ಗುಂಪಿನವರಿಗೆ ಆಹಾರ ಮತ್ತು ವ್ಯಾಯಾಮವನ್ನು ಕುರಿತ ಸಲಹೆ ಸಮಾನವಾಗಿ ದೊರೆತಿತ್ತಾದುದರಿಂದ, ಫಲಿತಾಂಶವೆಲ್ಲವೂ ಬರಿಯ ಬಾದಾಮಿಯ ಮಹಿಮೆಯಲ್ಲ; ಸಲಹೆಯನ್ನು ಪಾಲಿಸುವ ಜನರಿಗೆ ಬಾದಾಮಿ ಹೆಚ್ಚಿನ ನೆರವಾಯಿತೆಂದು ಹೇಳುವುದೇ ಯುಕ್ತ. ಎರಡನೆಯದು, ಈ ಅಧ್ಯಯನಗಳಿಗೆ ಧನಸಹಾಯ ಮಾಡಿದ್ದು ಕ್ಯಾಲಿಫೋರ್ನಿಯಾದ ಬಾದಾಮಿ ಮಂಡಳಿ, ಎಂದರೆ ಪ್ರಪಂಚದ ಬಾದಾಮಿಯ ಶೇಕಡಾ ಎಂಬತ್ತರಷ್ಟನ್ನು ಬೆಳೆದು ಭಾರತಕ್ಕೂ ಧಾರಾಳವಾಗಿ ಮಾರುವ ನಾಡಿನ ಬೆಳೆಗಾರರ ಸಂಸ್ಥೆ. ಹಣ ಕೊಟ್ಟವರು ಯಾರೆಂಬ ಕಾರಣಕ್ಕೆ ಸತ್ಯ ಸುಳ್ಳಾಗುವುದಿಲ್ಲ. ಆದರೆ ಅವರೆಕಾಳಿನ ಬೆಳೆಗಾರರಿಗೂ ಅಂಥದೊಂದು ಸಿರಿವಂತ ಮಂಡಳಿ ಇದ್ದಿದ್ದರೆ ಅವರೆಕಾಳಿನ ಗುಣಗಳೂ ಇಷ್ಟೇ ವಿಸ್ತಾರವಾಗಿ ಪರೀಕ್ಷಿತವಾಗುತ್ತಿದ್ದವೇನೋ ಎಂಬ ಸಂಶಯವನ್ನು ನಾನು ಸಂಪೂರ್ಣವಾಗಿ ಬಿಟ್ಟುಕೊಡಲಾರೆ.

ಈಗ ಬೀಜ ಹೊಟ್ಟೆಯಲ್ಲಿ ಮಾಡುವ ಕೆಲಸಕ್ಕೆ ಬರೋಣ. ಜಠರವು ತಾನು ಪಡೆದ ಆಹಾರವನ್ನು ಅರೆದು ಸಣ್ಣ ಕರುಳಿಗೆ ಬಿಡುವುದು ಕೆರೆಯ ತೂಬಿನಿಂದ ಗದ್ದೆಗೆ ನೀರು ಬಿಟ್ಟಂತೆ, ಒಮ್ಮೆಗೆ ಸ್ವಲ್ಪ ಸ್ವಲ್ಪವಾಗಿ; ಆ ತೂಬನ್ನು ಎಷ್ಟು ತೆರೆಯಬೇಕೆಂಬ ಅಪ್ಪಣೆ ಬರುವುದು ಮಾತ್ರ ಮುಂದಿರುವ ಕರುಳಿನಿಂದ. ಕರುಳಿನ ಒಳಗೋಡೆಗೆ ಜಿಡ್ಡು ಮತ್ತು ಪ್ರೋಟೀನು ತಗುಲಿತೆಂದರೆ, ಅಲ್ಲಿಯ ಕೋಶಗಳು ಜಿಎಲ್‌ಪಿ-1 ಮೊದಲಾದ ಹಾರ್ಮೋನುಗಳನ್ನು ಸ್ರವಿಸುತ್ತವೆ. ಅವು ಜಠರದ ದ್ವಾರವನ್ನು ಬಿಗಿಹಿಡಿದು ಆಹಾರದ ಹರಿವನ್ನು ತಗ್ಗಿಸುವುದಲ್ಲದೆ, ಮೇದೋಜೀರಕಕ್ಕೆ ಸಿದ್ಧವಾಗೆಂಬ ಮುನ್ಸೂಚನೆಯನ್ನೂ ಮೆದುಳಿಗೆ ತೃಪ್ತಿಯ ಸಂದೇಶವನ್ನೂ ತಲುಪಿಸುತ್ತವೆ. ಇಂದು ತೂಕ ಇಳಿಸುವುದಕ್ಕೆಂದು ಜಗತ್ತಿನಾದ್ಯಂತ ಹೆಸರಾಗಿರುವ ದುಬಾರಿ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಹಾರ್ಮೋನನ್ನು, ಹೆಚ್ಚು ಪ್ರಬಲವಾಗಿ ಮತ್ತು ದೀರ್ಘಕಾಲ ನಿಲ್ಲುವಂತೆ ಮಾಡಿದ ರೂಪದಲ್ಲಿ. ಬಾದಾಮಿಯಿಂದ ಅಂಥ ಪರಿಣಾಮವನ್ನು ನಿರೀಕ್ಷಿಸುವುದು ಹಾಸ್ಯಾಸ್ಪದ, ಆದರೆ ದಾರಿ ಅದೇ. 20 ಗ್ರಾಂ ಬಾದಾಮಿಯಲ್ಲಿ ಸುಮಾರು 10 ಗ್ರಾಂ ಜಿಡ್ಡು, 4 ಗ್ರಾಂ ಪ್ರೋಟೀನು, ಎರಡೂವರೆ ಗ್ರಾಂ ನಾರು ಇವೆ. ಕೂಡಲೇ ಸಕ್ಕರೆಯಾಗುವ ಪಿಷ್ಟ ಅತ್ಯಲ್ಪ. ಅರ್ಧ ಗಂಟೆಯ ಅಂತರವನ್ನು ಇಟ್ಟಿರುವುದೂ ಇದಕ್ಕಾಗಿಯೇ: ಅನ್ನದ ತುತ್ತು ಬರುವ ವೇಳೆಗೆ ಜಿಡ್ಡು ಕರುಳನ್ನು ಮುಟ್ಟಿ, ಹಾರ್ಮೋನುಗಳು ಹೊರಟಿರಬೇಕು.

ಇದೇ ತತ್ತ್ವವನ್ನು ಬೀಜಗಳಿಲ್ಲದೆಯೇ ತೋರಿಸಿಕೊಟ್ಟವರೂ ಉಂಟು. 2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅಲ್ಪನಾ ಶುಕ್ಲಾ ಮತ್ತು ಸಂಗಡಿಗರು ಕೇವಲ 11 ಮಂದಿ ಮಧುಮೇಹಿಗಳಿಗೆ ಒಂದು ದಿನ ಬ್ರೆಡ್ಡು ಮತ್ತು ಕಿತ್ತಳೆ ರಸವನ್ನು ಮೊದಲು ಕೊಟ್ಟು, ಹದಿನೈದು ನಿಮಿಷಗಳ ಮೇಲೆ ಕೋಳಿಮಾಂಸ ಮತ್ತು ತರಕಾರಿಗಳನ್ನು ಕೊಟ್ಟರು. ಇನ್ನೊಂದು ದಿನ ಅದೇ ಪದಾರ್ಥಗಳನ್ನು ಅಷ್ಟೇ ಪ್ರಮಾಣದಲ್ಲಿ ತಿರುಗುಮುರುಗಾಗಿ ಕೊಟ್ಟರು. ಬ್ರೆಡ್ಡು ಕೊನೆಗೆ ಬಂದ ದಿನ, ಒಂದು ಗಂಟೆಯ ಹೊತ್ತಿನ ಸಕ್ಕರೆ ಶೇಕಡಾ 37ರಷ್ಟು ಕಡಮೆಯಾಗಿತ್ತು. ಜಪಾನಿನಲ್ಲಿ ಸಾಯೆಕೊ ಇಮಾಯ್ ಮತ್ತು ಶಿಜುವೊ ಕಾಜಿಯಾಮ ಅವರು ಅನ್ನಕ್ಕೆ ಮುಂಚೆ ತರಕಾರಿ ತಿನ್ನುವ ಕ್ರಮವನ್ನು ಪರೀಕ್ಷಿಸಿ ಅಂಥದೇ ಫಲವನ್ನು ಕಂಡರು. ಅನ್ನವೇ ಪ್ರಧಾನವಾದ ನಮ್ಮಂಥವರಿಗೆ ನ್ಯೂಯಾರ್ಕಿನ ಬ್ರೆಡ್ಡಿಗಿಂತ ಇದು ಹೆಚ್ಚು ಹತ್ತಿರದ ನಿದರ್ಶನ.

ಇದನ್ನೆಲ್ಲ ಓದುತ್ತಿರುವಾಗ ನಮ್ಮ ಬಾಳೆಲೆಯ ನೆನಪಾಗದೆ ಇರದು. ಉಪ್ಪು, ಉಪ್ಪಿನಕಾಯಿಗಳ ಬೆನ್ನಿಗೆ ಎಲೆಯ ಮೇಲುಭಾಗದಲ್ಲಿ ಬಂದು ಕೂರುವುದು ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ ಸೇರಿ ಸಾಸಿವೆಯ ಒಗ್ಗರಣೆಯಿಂದ ಕಂಗೊಳಿಸುವ ಕೋಸಂಬರಿ, ಆಮೇಲೆ ಪಲ್ಯಗಳು, ಅನ್ನ ಬರುವುದು ಎಷ್ಟೋ ಹೊತ್ತಿನ ಮೇಲೆ. ಪ್ರೋಟೀನು, ಜಿಡ್ಡು, ನಾರು ಮೂರೂ ಕೂಡಿದ ಪದಾರ್ಥವನ್ನು ಮೊದಲು ಬಡಿಸಿದ ನಮ್ಮ ಪೂರ್ವಿಕರು ಸರ್ವಜ್ಞರಾಗಿದ್ದರೆಂದು ಉಬ್ಬಿಹೋಗುವುದಕ್ಕೆ ಇದು ಸುಲಭವಾದ ಅವಕಾಶ. ಆದರೆ ಪಂಕ್ತಿಯಲ್ಲಿ ಕುಳಿತು ನೋಡಿದವರು ಬಲ್ಲರು: ಬಡಿಸುವ ಕ್ರಮ ಬೇರೆ, ಉಣ್ಣುವ ಕ್ರಮ ಬೇರೆ. ಮೊದಲು ಬಂದ ಕೋಸಂಬರಿ, ಅನ್ನ ತೊವ್ವೆ ತುಪ್ಪಗಳು ಬರುವ ತನಕ ಎಲೆಯ ಮೇಲೆ ಕಾದೇ ಇರುತ್ತದೆ. ತಡೆಯಲಾರದೆ ಕೈಹಾಕಿದ ಹುಡುಗನಿಗೆ, ‘ಅನ್ನ ಬರೋ ತನಕ ಸುಮ್ಮನೆ ಕೂತ್ಕೊಳೋ, ಕೋಸಂಬರೀನೆಲ್ಲ ಈಗಲೇ ಖಾಲಿ ಮಾಡಿದರೆ ಆಮೇಲೇನು ನಂಚಿಕೊಳ್ತೀಯ’ ಎಂದು ಪಕ್ಕದಲ್ಲಿ ಕುಳಿತ ಅಜ್ಜಿ ಗದರುತ್ತಾಳೆ. ಸಾಲದುದಕ್ಕೆ, ಮೊದಲ ತುತ್ತಿಗೆ ಮುನ್ನ ಎಲೆಯ ತುದಿಗೆ ಒಂದು ಸೌಟು ಪಾಯಸ ಬೀಳುವ ಸಂಪ್ರದಾಯವೂ ಅನೇಕ ಮನೆಗಳಲ್ಲಿ ಉಂಟು. ಶುಗರ್ ಬಾರ್ಡರ್‌ನಲ್ಲಿರುವವರು ಈ ವಿಷಯದಲ್ಲಿ ಆ ಹುಡುಗನನ್ನು ಅನುಸರಿಸಿ, ಅಜ್ಜಿಯ ಗದರಿಕೆಯನ್ನು ಸಹಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

ಬಾದಾಮಿಯೇ ಆಗಬೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ದಿನಕ್ಕೆ ಮೂರು ಸಲ ಇಪ್ಪತ್ತಿಪ್ಪತ್ತು ಗ್ರಾಂ ಎಂದರೆ ತಿಂಗಳಿಗೆ ಸುಮಾರು ಎರಡು ಕಿಲೋ. ಮಧ್ಯಮವರ್ಗದ ಮನೆಯ ದಿನಸಿ ಚೀಟಿ ಈ ಭಾರವನ್ನು ನಗುನಗುತ್ತ ಹೊರಲಾರದು. ಚಳ್ಳಕೆರೆ, ಪಾವಗಡಗಳ ಕೆಂಪು ನೆಲದಲ್ಲಿ ಬೆಳೆದು, ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ರಾಶಿ ರಾಶಿಯಾಗಿ ಬಂದು ಬೀಳುವ ಕಡಲೆಕಾಯಿ, ಉತ್ತರ ಕರ್ನಾಟಕದವರ ಶೇಂಗಾ, ಬಡವರ ಬಾದಾಮಿ ಎನಿಸಿಕೊಂಡಿರುವುದು ಬರಿಯ ಸಮಾಧಾನದ ಮಾತಲ್ಲ. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದು ತೊಗರಿ, ಹೆಸರುಗಳ ಬಳಗಕ್ಕೆ ಸೇರಿದ್ದಾದರೂ, ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದದ್ದಾದರೂ, ನೂರು ಗ್ರಾಂ ಕಾಳಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನನ್ನು ಇಟ್ಟುಕೊಂಡಿರುವ ಅದು ಈ ಒಂದು ಅಂಶದಲ್ಲಿ ಬಾದಾಮಿಯನ್ನೂ ಮೀರಿಸುತ್ತದೆ. ಜಿಡ್ಡು, ನಾರುಗಳಲ್ಲಿ ಸ್ವಲ್ಪ ಹಿಂದೆ. ಬ್ರೆಜಿಲ್ ದೇಶದಲ್ಲಿ ಸ್ಥೂಲಕಾಯದ ಮಹಿಳೆಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆಳಗಿನ ಉಪಾಹಾರದೊಡನೆ ಕಡಲೆಕಾಯಿಯ ಬೆಣ್ಣೆಯನ್ನು ಕೊಟ್ಟಾಗ ದಿನದ ಸಕ್ಕರೆಯ ಏರಿಕೆ ತಗ್ಗಿದ್ದು ಕಂಡುಬಂದಿತು. ಕರಾವಳಿಯವರಿಗೆ ಗೇರುಬೀಜವಿದೆ. ಪೋರ್ಚುಗೀಸರು ಬ್ರೆಜಿಲಿನಿಂದ ತಂದು ನೆಟ್ಟ ಆ ಮರದ ಸಂಶೋಧನೆಗೆಂದೇ ಪುತ್ತೂರಿನಲ್ಲಿ ಕೇಂದ್ರ ಸರಕಾರದ ನಿರ್ದೇಶನಾಲಯವಿದೆ. ಗೋಡಂಬಿ ತಿಂದರೆ ಸಕ್ಕರೆ ಏರುತ್ತದೆ, ಕೊಲೆಸ್ಟರಾಲ್ ಏರುತ್ತದೆ ಎಂಬ ಭಯವನ್ನು ಚೆನ್ನೈನ ಅದೇ ಪ್ರತಿಷ್ಠಾನದವರು 300 ಮಂದಿ ಮಧುಮೇಹಿಗಳ ಮೇಲೆ ಪರೀಕ್ಷಿಸಿದರು: ಹನ್ನೆರಡು ವಾರ ದಿನಕ್ಕೆ 30 ಗ್ರಾಂ ತಿಂದವರ ಸಕ್ಕರೆಯೂ ತೂಕವೂ ಏರಲಿಲ್ಲ, ರಕ್ತದೊತ್ತಡ ಸ್ವಲ್ಪ ಇಳಿಯಿತು, ಒಳ್ಳೆಯ ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿತು. ಆದರೂ ಗೋಡಂಬಿಯಲ್ಲಿ ಪಿಷ್ಟದ ಅಂಶ ಬಾದಾಮಿಗಿಂತ ಅಧಿಕವಾದುದರಿಂದ, ಊಟದ ಮುಂಗಡಕ್ಕೆ ನಾನು ಅದನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲಾರೆ. ಅಕ್ರೋಟು, ಪಿಸ್ತಾಗಳು ಗುಣವಂತ ಬೀಜಗಳೇ. ಬೆಲೆಯ ಮಾತು ಬಂದಾಗ ಅವುಗಳ ಹೆಸರೆತ್ತದಿರುವುದು ಮೇಲು.

ಇನ್ನು ತೂಕದ ವಿಷಯ. 60 ಗ್ರಾಂ ಬಾದಾಮಿಯ ಶಕ್ತಿ ಲೆಕ್ಕಕ್ಕೆ ಸುಮಾರು 350 ಕಿಲೋಕ್ಯಾಲೊರಿ, ಹತ್ತಿರಹತ್ತಿರ 100 ಗ್ರಾಂ ಅಕ್ಕಿಯಷ್ಟು. ಅನ್ನವನ್ನು ಅಷ್ಟೇ ಉಂಡು, ಅದರ ಮುಂದೆ ಬೀಜವನ್ನೂ ಸೇರಿಸಿದರೆ ಕೆಲವು ತಿಂಗಳಲ್ಲಿ ಸೊಂಟಪಟ್ಟಿಗೆ ಹೊಸ ತೂತು ಹೊಡೆಸಬೇಕಾದೀತು. ತೂಕ ಏರಿತೆಂದರೆ ಸಕ್ಕರೆಯೂ ಅದರ ಹಿಂದೆಯೇ. ಆದುದರಿಂದ ಬೀಜ ಬರುವಾಗ ಎಲೆಯಿಂದ ಏನಾದರೊಂದು ಎದ್ದುಹೋಗಬೇಕು: ಎರಡನೆಯ ಸಲದ ಅನ್ನವೋ, ಸಂಜೆಯ ಬಿಸ್ಕತ್ತೋ, ಬೋಂಡವೋ. ಒಂದು ಅನುಕೂಲವೂ ಇಲ್ಲಿ ಉಂಟು. ಬಾದಾಮಿಯ ಜಿಡ್ಡು ಗಟ್ಟಿಯಾದ ಕೋಶಭಿತ್ತಿಗಳ ಒಳಗೆ ಬಂಧಿತವಾಗಿದೆ. ನಾವು ಎಷ್ಟು ಅಗಿದರೂ ಎಲ್ಲ ಕೋಶಗಳೂ ಒಡೆಯುವುದಿಲ್ಲ, ಒಡೆಯದವುಗಳ ಜಿಡ್ಡು ಜೀರ್ಣವಾಗದೆ ಹೊರಟುಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಳತೆಯಂತೆ, 28 ಗ್ರಾಂ ಬಾದಾಮಿಯಿಂದ ಶರೀರಕ್ಕೆ ನಿಜವಾಗಿ ದಕ್ಕುವುದು ಪುಸ್ತಕದ ಲೆಕ್ಕದ 170 ಕಿಲೋಕ್ಯಾಲೊರಿಯಲ್ಲ, ಸುಮಾರು 129. ಬೀಜವನ್ನು ನುಣ್ಣಗೆ ಪುಡಿಮಾಡಿ ಹಾಲಿಗೆ ಕದಡಿ ಕುಡಿಯುವವರಿಗೆ ಈ ರಿಯಾಯಿತಿ ಅಷ್ಟಾಗಿ ದೊರೆಯದು. ಹಲ್ಲಿಲ್ಲದ ವೃದ್ಧರಿಗಲ್ಲದೆ ಉಳಿದವರಿಗೆ ಇಡಿಯ ಬೀಜವೇ ಪ್ರಶಸ್ತ.

ಬೀಜ ಬೀಜವಾಗಿಯೇ ಇರಬೇಕೆಂಬುದನ್ನೂ ಒತ್ತಿ ಹೇಳಬೇಕಾಗಿದೆ. ಬೆಂಗಳೂರಿನ ಬೇಕರಿಗಳಲ್ಲಿ ಕರಿಬೇವು, ಖಾರ, ಉಪ್ಪು, ಎಣ್ಣೆಗಳಲ್ಲಿ ಮಿಂದು ಬರುವ ಕಾಂಗ್ರೆಸ್ ಕಡಲೆಕಾಯಿಯ ರುಚಿಯನ್ನು ನಾನು ಅಲ್ಲಗಳೆಯುವವನಲ್ಲ, ಆದರೆ ಸಕ್ಕರೆಯ ಜೊತೆಗೆ ರಕ್ತದೊತ್ತಡವನ್ನೂ ಸಾಕಿಕೊಂಡಿರುವವರಿಗೆ ಅದು ದಿನನಿತ್ಯದ ಪಥ್ಯವಾಗಕೂಡದು. ಬೆಲ್ಲದ ಪಾಕದ ಚಿಕ್ಕಿಯ ಮಾತಂತೂ ಎತ್ತಲೇಬೇಕಾಗಿಲ್ಲ. ಹುರಿದದ್ದು, ನೆನೆಸಿದ್ದು, ಬೇಯಿಸಿದ್ದು ಎಲ್ಲವೂ ಸರಿಯೆ. ಬೂಷ್ಟು ಹಿಡಿದ, ಮುರುಟಿದ, ಕಹಿಯಾದ ಕಾಳನ್ನು ಮಾತ್ರ ಜಿಪುಣತನ ಮಾಡದೆ ಎಸೆಯಬೇಕು: 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುಬಿದ್ದ ಕಾರಣವನ್ನು ಹುಡುಕುತ್ತ ಹೋದವರಿಗೆ, ಮೇವಿನ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಸಿಕ್ಕಿದ್ದು. ಮನುಷ್ಯನ ಯಕೃತ್ತಿಗೂ ಅದು ಅಷ್ಟೇ ಹಗೆ.

ಬೀಜದ ಅಲರ್ಜಿ ಇರುವವರು ಇದರ ಗೊಡವೆಗೇ ಹೋಗಬಾರದು. ಮೂತ್ರಪಿಂಡ ಸೋತವರು, ಬೀಜಗಳಲ್ಲಿರುವ ಪೊಟ್ಯಾಸಿಯಂ ಮತ್ತು ರಂಜಕದ ಕಾರಣದಿಂದ, ವೈದ್ಯರ ಅಪ್ಪಣೆಯಿಲ್ಲದೆ ಆರಂಭಿಸಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರೂ ಇನ್ನೂ ಸೂಕ್ಷ್ಮವಾಗಿ ಯೋಚಿಸಬೇಕು, ಏಕೆಂದರೆ ಚುಚ್ಚಿದ ಇನ್ಸುಲಿನ್ ತನ್ನ ವೇಳೆಗೆ ಸರಿಯಾಗಿ ಕೆಲಸಕ್ಕೆ ತೊಡಗಿದಾಗ, ಬೀಜದ ದೆಸೆಯಿಂದ ಅನ್ನದ ಗ್ಲೂಕೋಸ್ ಇನ್ನೂ ಜಠರದಲ್ಲಿಯೇ ತಡೆದು ನಿಂತಿದ್ದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವ ಸಂಭವವುಂಟು. ಅಂಥವರು ಊಟ, ಬೀಜ, ಔಷಧಿಗಳ ವೇಳೆಯನ್ನು ವೈದ್ಯರೊಡನೆ ಕುಳಿತು ಗೊತ್ತುಮಾಡಿಕೊಂಡು, ಮೊದಲ ಕೆಲವು ದಿನ ಮನೆಯ ಗ್ಲೂಕೋಮೀಟರಿನಲ್ಲಿ ಊಟಕ್ಕೆ ಮುಂಚೆಯೂ ಎರಡು ಗಂಟೆಯ ಅನಂತರವೂ ನೋಡಿ ಬರೆದಿಡುವುದು ಒಳ್ಳೆಯದು. ಮೈ ಬೆವರಿ, ಕೈ ನಡುಗಿ, ಕಣ್ಣು ಮಂಜಾದಾಗ, ಡಬ್ಬಿಯಲ್ಲಿ ಸಿದ್ಧವಾಗಿದೆಯೆಂದು ಬಾದಾಮಿಯನ್ನು ಬಾಯಿಗೆ ಹಾಕಿಕೊಳ್ಳುವುದು ದೊಡ್ಡ ತಪ್ಪು. ಸಕ್ಕರೆಯನ್ನು ತಡಮಾಡಿಸುವ ಅದರ ಗುಣವೇ ಆಗ ಶತ್ರುವಾಗುತ್ತದೆ. ಆ ಗಳಿಗೆಗೆ ಬೇಕಾದದ್ದು ಮೂರು ಚಮಚ ಸಕ್ಕರೆ ಕದಡಿದ ಒಂದು ಲೋಟ ನೀರು, ಹದಿನೈದು ನಿಮಿಷಗಳಾದ ಮೇಲೆ ಮತ್ತೊಂದು ಪರೀಕ್ಷೆ, ಮಟ್ಟ ಏರಿರದಿದ್ದರೆ ಮತ್ತೊಂದು ಲೋಟ.